ದೊಡ್ಡಮ್ಮನ ಮಲ್ಲಿಗೆ, ಅಮ್ಮನ ಕಣಗಿಲೆ

ಹೂವಿನ ಗಿಡ ಬೆಳೆಸುವವರ ಮನಸ್ಸು ಮೃದು ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ತಲೆ ಆಡಿಸುತ್ತೇನೆ, ವಾದಕ್ಕೆ ಇಳಿಯುವುದಿಲ್ಲ. ನಾನು ಬೆಳೆದ ಮನೆಯಲ್ಲಿ ಗಿಡ ಬೆಳೆಸುವವರು ಇಬ್ಬರಿದ್ದರು. ಇಬ್ಬರ ಕೈಗುಣವೂ ಒಳ್ಳೆಯದಿತ್ತು. ಬೇರಿಗೆ ನೋವಾಗದಂತೆ ಗಿಡ ಕೀಳುವುದು ಹೇಗೆ, ಯಾವ ಗೆಣ್ಣಿನ ಮೇಲೆ ಕತ್ತರಿಸಿದರೆ ಚಿಗುರು ಬರುತ್ತದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೆ ಅವರು ಒಬ್ಬರನ್ನೊಬ್ಬರು ನೋಯಿಸಿದಂತೆ ಮನುಷ್ಯರು ನೋಯಿಸುವುದನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಒಬ್ಬಳು ನನ್ನ ಅಮ್ಮ. ಇನ್ನೊಬ್ಬಳು ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ.

ಮಸ್ಕತ್ತಿನ ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನಿಂದ ಸ್ವಲ್ಪ ಒಳಗೆ, ಮರಳಿನ ಬಣ್ಣದ ವಿಲ್ಲಾಗಳ ಸಾಲಿನಲ್ಲಿ ನಮ್ಮ ಬಾಡಿಗೆ ಮನೆಯಿತ್ತು. ಕೆಳಗಿನ ಮಹಡಿ ದೊಡ್ಡಪ್ಪ ದೊಡ್ಡಮ್ಮನದು. ಅವರ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಮಂಗಳೂರಿನಲ್ಲಿದ್ದರು. ಮೇಲಿನ ಮಹಡಿಯಲ್ಲಿ ಅಪ್ಪ, ಅಮ್ಮ ಮತ್ತು ನಾನು. ಅಡುಗೆಮನೆ ಒಂದೇ, ಅದು ಕೆಳಗೆ. ದೊಡ್ಡಪ್ಪನದು ಕಾರಿನ ಬಿಡಿಭಾಗಗಳ ಅಂಗಡಿ. ಅಪ್ಪ ಅಲ್ಲಿ ಕೆಲಸಕ್ಕಿದ್ದ. ಅಪ್ಪನ ವೀಸಾ ಆ ಅಂಗಡಿಯ ಮೇಲೆಯೇ ಬಂದದ್ದು, ನಮ್ಮಿಬ್ಬರದು ಅಪ್ಪನ ವೀಸಾದ ಮೇಲೆ. ದೊಡ್ಡಪ್ಪ ಒಂದು ಸಲ ಮುನಿಸಿಕೊಂಡರೆ ಮೂವರೂ ಊರಿಗೆ ಹೊರಡಬೇಕಾಗುತ್ತದೆ ಎನ್ನುವುದನ್ನು ಯಾರೂ ನನಗೆ ಕೂರಿಸಿ ಹೇಳಿಕೊಟ್ಟದ್ದಲ್ಲ. ಊಟದ ಮೇಜಿನ ಬಳಿ ಅಪ್ಪ ಅಣ್ಣನ ತಟ್ಟೆ ತುಂಬುವವರೆಗೆ ತನ್ನ ತಟ್ಟೆಯನ್ನು ಎಳೆದುಕೊಳ್ಳದೆ ಕೂರುತ್ತಿದ್ದದ್ದನ್ನು ನೋಡಿಯೇ ನನಗೆ ತಿಳಿದುಹೋಗಿತ್ತು.

ಅಪ್ಪನ ಕಡೆಯವರು ಉಡುಪಿಯ ಹತ್ತಿರದವರು, ಮನೆಮಾತು ತುಳು. ಅಮ್ಮ ಮೈಸೂರಿನವಳು. ಅವಳೊಡನೆ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಿದ್ದರು, ಆದರೆ ಅಮ್ಮ ಅಡುಗೆಮನೆಗೆ ಕಾಲಿಟ್ಟ ಕೂಡಲೇ ದೊಡ್ಡಮ್ಮನ ಮಾತು ತುಳುವಿಗೆ ಹೊರಳುತ್ತಿತ್ತು. ಫೋನಿನಲ್ಲಿ ಮಗಳೊಂದಿಗೆ ಮಾತಾಡುತ್ತಿದ್ದರೂ ಅಷ್ಟೆ, ಮೇಜಿನ ಬಳಿ ಕೂತ ದೊಡ್ಡಪ್ಪನೊಂದಿಗೆ ಮಾತಾಡುತ್ತಿದ್ದರೂ ಅಷ್ಟೆ. “ಆಳೆಗ್ ದಾಲ ಗೊತ್ತುಜ್ಜಿ” ಎಂದು ನಗುತ್ತಿದ್ದಳು. ಅವಳಿಗೆ ಏನೂ ಗೊತ್ತಿಲ್ಲ ಎಂದರ್ಥ. ಅಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತ ನಿಂತಿರುತ್ತಿದ್ದಳು. ಅವಳ ಮುಖ ನೋಡಿದರೆ ನಿಜವಾಗಿಯೂ ಏನೂ ತಿಳಿದಿಲ್ಲ ಅನ್ನಿಸಬೇಕು. ಕುಚ್ಚಲಕ್ಕಿ ಅನ್ನ ನುಂಗಲಾರದೆ ತನ್ನೊಬ್ಬಳಿಗೆ ಬೇರೆ ಪಾತ್ರೆಯಲ್ಲಿ ಬೆಳ್ತಿಗೆ ಅಕ್ಕಿ ಬೇಯಿಸಿಕೊಳ್ಳುತ್ತಿದ್ದಳು. ಒಲೆಯ ಮೇಲೆ ಆ ಪಾತ್ರೆ ಕಂಡರೆ ದೊಡ್ಡಮ್ಮ ಅದನ್ನು ಮಾತಿಲ್ಲದೆ ಹಿಂದಿನ ಉರಿಗೆ ಸರಿಸಿ, ಉರಿ ಸಣ್ಣ ಮಾಡಿ ಹೋಗುತ್ತಿದ್ದಳು. ಎಷ್ಟೋ ಮಧ್ಯಾಹ್ನ ಅಮ್ಮ ಅರ್ಧ ಬೆಂದ ಅನ್ನವನ್ನೇ ಉಂಡಿದ್ದಾಳೆ.

ಮನೆಯ ಮುಂದೆ, ಕಾಂಪೌಂಡಿನ ಉದ್ದಕ್ಕೂ, ದೊಡ್ಡಮ್ಮನ ಮಲ್ಲಿಗೆ. ಉಡುಪಿ ಮಲ್ಲಿಗೆಯ ಬೇರು ಬಂದ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟು ಊರಿನಿಂದ ತಂದಿದ್ದಳಂತೆ. ಇಲ್ಲಿಯ ಮರಳಿನಲ್ಲಿ ಅದು ಬದುಕುವುದಿಲ್ಲವೆಂದು ಗುಂಡಿ ತೆಗೆಸಿ, ಹತ್ತಿರದ ಊರು ಬರ್ಕಾದ ತೋಟದಿಂದ ಸಿಹಿಮಣ್ಣು, ಆಡಿನ ಗೊಬ್ಬರ ತರಿಸಿ ತುಂಬಿಸಿದ್ದಳು. ಚಳಿ ಮುಗಿಯುತ್ತಿದ್ದಂತೆ ಗಿಡವನ್ನು ಬೋಳು ಮಾಡಿ ಕತ್ತರಿಸುತ್ತಿದ್ದಳು, ಉಳಿದ ಎಲೆಗಳನ್ನೂ ಕೈಯಿಂದ ಸವರಿ ತೆಗೆಯುತ್ತಿದ್ದಳು. ಆಮೇಲೆ ಒಂದೊಂದು ಗೆಣ್ಣಿನಿಂದಲೂ ಚಿಗುರು, ಚಿಗುರಿನ ತುದಿಗೆ ಮೊಗ್ಗು. ಬಿರುಬೇಸಿಗೆಯಲ್ಲಿ ಕೋಲು ನೆಟ್ಟು ಒದ್ದೆ ಗೋಣಿತಾಟು ಕಟ್ಟಿ ನೆರಳು ಮಾಡುತ್ತಿದ್ದಳು. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಅವಳು ಪೈಪು ಹಿಡಿದು ನಿಂತಿರುತ್ತಿದ್ದಳು, ಆ ಹೊತ್ತಿನಲ್ಲಿ ಅವಳ ಮುಖ ನಿಜಕ್ಕೂ ಚೆಂದ ಕಾಣುತ್ತಿತ್ತು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಆದರೆ ಆ ಹೂವಿನಿಂದ ಅವಳು ಮಾಡುತ್ತಿದ್ದ ಕೆಲಸ ಬೇರೆ. ರಜಾದಿನವಾದ ಶುಕ್ರವಾರ ಬೆಳಿಗ್ಗೆ ನಾವೆಲ್ಲ ದಾರ್ಸೈಟ್‌ನ ಕೃಷ್ಣ ದೇವಸ್ಥಾನಕ್ಕೆ ಹೋಗುವಾಗ ಅವಳು ಹೂವಿನ ಡಬ್ಬಿ ತೆಗೆಯುತ್ತಿದ್ದಳು. ದೇವರಿಗೆ ಒಂದು ಚೆಂಡು. ದೇವಸ್ಥಾನದಲ್ಲಿ ಸಿಗುವ ಪರಿಚಯದ ಹೆಂಗಸರಿಗೆ ಒಂದೊಂದು ತುಂಡು. ಆಮೇಲೆ ನನ್ನನ್ನು ಕಾಲಿನ ನಡುವೆ ಕೂರಿಸಿಕೊಂಡು, ತಲೆ ಬಾಚಿ, ಜಡೆಯ ಮೇಲೆ ಎರಡು ಸುತ್ತು ಮಲ್ಲಿಗೆ ಮುಡಿಸುತ್ತಿದ್ದಳು, ಅದೂ ಅಮ್ಮ ಮೆಟ್ಟಿಲಿಳಿದು ಬರುವುದನ್ನು ಕಾದು. “ನನ್ನ ಮಗುವಿಗೆ ನಾನು ಇಡ್ತೇನೆ” ಎನ್ನುತ್ತಿದ್ದಳು. ಡಬ್ಬಿ ಮುಚ್ಚುತ್ತಿದ್ದಳು. ಅಮ್ಮನ ಬರಿಯ ಜಡೆ ಕಾರಿನಲ್ಲಿ ನನ್ನ ಕಣ್ಣೆದುರಿಗೇ ಇರುತ್ತಿತ್ತು. ನನ್ನ ತಲೆಯ ಘಮ ಕಾರಿನ ತುಂಬ.

ಅಮ್ಮ ಒಮ್ಮೆ ಕೇಳಿದಳು. ಊಟದ ಪಾತ್ರೆಗಳನ್ನು ತೊಳೆಯುತ್ತ, ಬಹಳ ಸಾಧಾರಣ ದನಿಯಲ್ಲಿ.

“ಅಕ್ಕಾ, ಮುಂದ್ಗಡೆ ಮೂಲೇಲಿ ಒಂದ್ ಸ್ವಲ್ಪ ಜಾಗ ಇದ್ಯಲ್ಲ, ನಾನೂ ಎರಡು ಗಿಡ ಹಾಕ್ಕೊಳ್ಳಾ?”

“ಬೇರಿಗೆ ಬೇರು ತಾಗ್ತದೆ ವಸುಧಾ. ಮಲ್ಲಿಗೆಗೆ ಆಗುದಿಲ್ಲ.”

“ಹಾಗಾದ್ರೆ ಬೇರೆ ಎಲ್ಲಾದ್ರೂ?”

“ಹಿಂದೆ ಉಂಟಲ್ಲ. ಏಸಿ ಹತ್ರ. ಅಲ್ಲಿ ಎಂತ ಬೇಕಾದ್ರೂ ಮಾಡು. ಆದ್ರೆ ಟ್ಯಾಂಕರ್ ನೀರು ಮುಟ್ಬೇಡ, ಅದು ಮಲ್ಲಿಗೆಗೇ ಸಾಲುದಿಲ್ಲ.”

ಹಿಂದೆ ಎಂದರೆ ಪಶ್ಚಿಮದ ಗೋಡೆಯ ಪಕ್ಕ. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ನೇರ ಅದರ ಮೇಲೆ. ಮೇಲೂ ಕೆಳಗೂ ಇದ್ದ ಏಸಿಗಳ ಹೊರಗಿನ ಪೆಟ್ಟಿಗೆಗಳೆಲ್ಲ ಅಲ್ಲೇ, ಅವುಗಳ ಬಿಸಿಗಾಳಿ ಅಲ್ಲೇ. ಮನೆ ಕಟ್ಟಿದವರು ಎಸೆದ ಸಿಮೆಂಟಿನ ಹೆಂಟೆಗಳು ಮರಳಿನ ಕೆಳಗೆ ಹೂತಿದ್ದವು. ಅಮ್ಮ ಆ ಚಳಿಗಾಲವಿಡೀ ಅವನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿ ಹೊರಹಾಕಿದಳು. ಅಪ್ಪ ಒಂದು ಶುಕ್ರವಾರ ಸಂಜೆ ಅವಳನ್ನೂ ನನ್ನನ್ನೂ ಬರ್ಕಾದ ನರ್ಸರಿಗೆ ಕರೆದುಕೊಂಡು ಹೋದ. ದಾಸವಾಳ, ಕಾಗದದ ಹೂ, ನಿತ್ಯಪುಷ್ಪ, ಗುಲಾಬಿ ಬಣ್ಣದ ಕಣಗಿಲೆ ತಂದೆವು. ಕಣಗಿಲೆ ಕೊಡುವಾಗ ನರ್ಸರಿಯವನು ನನ್ನ ಕಡೆ ಕೈ ತೋರಿಸಿ, ಮಗು ಇದರ ಎಲೆ ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಕಡಿದರೆ ಕೈ ತೊಳೆಯಿರಿ, ಒಣಗಿದ ಕೊಂಬೆಯನ್ನೂ ಉರಿಸಬೇಡಿ ಎಂದು ಹಿಂದಿಯಲ್ಲಿ ಹೇಳಿದ. ಮೊದಲ ಬೇಸಿಗೆಗೆ ಆ ಕಣಗಿಲೆ ಬಿಟ್ಟು ಉಳಿದವೆಲ್ಲ ಸುಟ್ಟುಹೋದವು. ಅಡುಗೆಮನೆಯ ಕಿಟಕಿಯಿಂದ ದೊಡ್ಡಮ್ಮ ನೋಡಿದಳು. ಮಧ್ಯಾಹ್ನ ಊಟಕ್ಕೆ ಅವಳು ಪಾಯಸ ಮಾಡಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ಅಮ್ಮ ಹಟ ಬಿಡಲಿಲ್ಲ, ಸತ್ತ ಗಿಡಗಳನ್ನೆಲ್ಲ ಮತ್ತೆ ತಂದು ನೆಟ್ಟಳು. ಟ್ಯಾಂಕರ್ ನೀರು ಮುಟ್ಟುವ ಹಾಗಿಲ್ಲವಾದ್ದರಿಂದ ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ಟು ಇಟ್ಟಳು. ಮಸ್ಕತ್ತಿನ ಜುಲೈಯಲ್ಲಿ ಗಾಳಿಯೇ ಹಿಂಡಿದರೆ ನೀರು ಬರುವಂತಿರುತ್ತದೆ; ಏಸಿ ಹೆಚ್ಚು ಓಡಿದಷ್ಟೂ ಬಕೆಟ್ಟು ಬೇಗ ತುಂಬುತ್ತಿತ್ತು. ಗಿಡಕ್ಕೆ ನೀರು ಬೇಕೇ ಬೇಕಾದ ತಿಂಗಳುಗಳಲ್ಲೇ ಅಮ್ಮನ ಹತ್ತಿರ ನೀರು ಹೇರಳ. ಅದರಲ್ಲಿ ಉಪ್ಪಿನ ಅಂಶವೂ ಇಲ್ಲ. ದಿನಾ ಮೇಲೆ ಮೇಲೆ ಚಿಮುಕಿಸುವುದನ್ನು ಅವಳು ಬಿಟ್ಟಳು. ಒಂದೆರಡು ದಿನ ಬಿಟ್ಟು, ಬುಡ ಪೂರ್ತಿ ನೆನೆಯುವಂತೆ ಒಮ್ಮೆಲೇ ಸುರಿಯುತ್ತಿದ್ದಳು, ಮಣ್ಣಿನ ಉಪ್ಪು ಬೇರಿನ ಕೆಳಕ್ಕೆ ಇಳಿದು ಹೋಗಲೆಂದು. ಬುಡಕ್ಕೆ ಖರ್ಜೂರದ ಒಣಗರಿ ಹೊದಿಸಿದಳು. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳು ಬಿದ್ದಾಗ ಸೋಪಿನ ನೀರಿನಲ್ಲಿ ಎಲೆಯ ಅಡಿಯನ್ನು ಒಂದೊಂದಾಗಿ ಒರೆಸಿದೆವು, ಅವಳು ಮತ್ತು ನಾನು. ಇನ್ನೊಂದು ಬೇಸಿಗೆ ಕಳೆಯುವಷ್ಟರಲ್ಲಿ ಕಣಗಿಲೆ ನನ್ನ ತಲೆಗಿಂತ ಎತ್ತರಕ್ಕೆ ಹೋಗಿ ಗೊಂಚಲು ಗೊಂಚಲು ಹೂ ಬಿಟ್ಟಿತು. ಕಾಗದದ ಹೂ ಕಾಂಪೌಂಡು ಹತ್ತಿ ಆಚೆಗೆ ಇಳಿಯಿತು. ಪಕ್ಕದ ವಿಲ್ಲಾದ ಒಮಾನಿ ಹೆಂಗಸು ಗೇಟಿನ ಹೊರಗೆ ನಿಂತು ಅಮ್ಮನನ್ನು ಕರೆದು ಮೆಚ್ಚಿಕೊಂಡು ಹೋದಳು. ಅದನ್ನು ದೊಡ್ಡಮ್ಮ ಮುಂದಿನ ಕಿಟಕಿಯಿಂದ ಕೇಳಿಸಿಕೊಂಡಳು.

ಅವತ್ತಿನಿಂದ ದೊಡ್ಡಮ್ಮನ ಬಾಯಲ್ಲಿ ಕಣಗಿಲೆ ವಿಷದ ಗಿಡವಾಯಿತು. ವಿಷದ್ದೇ, ನಿಜ. ಆದರೆ ಅಷ್ಟು ದಿನ ಯಾರಿಗೂ ಅದು ನೆನಪಾಗಿರಲಿಲ್ಲ. ನನ್ನ ಹೊಟ್ಟೆನೋವು, ದೊಡ್ಡಪ್ಪನ ತಲೆಸುತ್ತು, ಮಂಗಳೂರಿನ ಮಗಳಿಗೆ ಗರ್ಭ ನಿಲ್ಲದ್ದು, ಎಲ್ಲಕ್ಕೂ ಮನೆಯ ಹಿಂದಿನ ಆ ಗಿಡವೇ ಕಾರಣವಾಯಿತು. ಅಮ್ಮ ಇದ್ದಾಗ ತುಳುವಿನಲ್ಲಿ, ಇಲ್ಲದಾಗ ನನ್ನೊಡನೆ ಕನ್ನಡದಲ್ಲಿ.

ಅದೇ ಹೊತ್ತಿಗೆ ಮುಂದಿನ ಮಲ್ಲಿಗೆ ಸೊರಗತೊಡಗಿತು. ಎಲೆಯ ಅಂಚು ಮೊದಲು ಕಂದಿತು, ಆಮೇಲೆ ಸುಟ್ಟ ಕಾಗದದಂತೆ ಮುರುಟಿತು. ಮೊಗ್ಗು ಬಿಳಿಯಾಗುವ ಮೊದಲೇ ಉದುರಿತು. ದೊಡ್ಡಮ್ಮ ಗೊಬ್ಬರ ಹೆಚ್ಚು ಹಾಕಿದಳು, ನೀರು ಹೆಚ್ಚು ಬಿಟ್ಟಳು. ನೀರು ಹೆಚ್ಚಿದಷ್ಟೂ ಗಿಡ ಬೇಗ ಸಾಯುತ್ತಿತ್ತು. ಅಮ್ಮ ಒಂದು ಬೆಳಿಗ್ಗೆ ಆ ಪಾತಿಯ ಹತ್ತಿರ ಬಗ್ಗಿ ಮಣ್ಣನ್ನು ಬೆರಳಿನಿಂದ ಕೆರೆದಳು. ಮೇಲೆ ಬಿಳಿಯ ಪದರ. ತೋಟದ ನಳ್ಳಿ ತಿರುಗಿಸಿ ಅಂಗೈಯಲ್ಲಿ ನೀರು ಹಿಡಿದು ನಾಲಿಗೆಗೆ ಮುಟ್ಟಿಸಿದಳು, ಉಗುಳಿದಳು. ಹಿಂದಕ್ಕೆ ಹೋಗಿ ಗೋಡೆಗುಂಟ ಬಂದ ಪೈಪನ್ನು ನೋಡಿದಳು. ನಾನು ಅವಳ ಹಿಂದೆಯೇ ಇದ್ದೆ. ಮೊದಲು ತೋಟದ ನಳ್ಳಿಗೆ ಟ್ಯಾಂಕರ್ ತುಂಬಿಸುತ್ತಿದ್ದ ಟ್ಯಾಂಕಿಯಿಂದ ನೀರು ಬರುತ್ತಿತ್ತು. ಈಗ ಅದನ್ನು ಬಿಡಿಸಿ, ವಿಲ್ಲಾದ ಮೂಲೆಯಲ್ಲಿ ಮುಚ್ಚಿ ಬಿಟ್ಟಿದ್ದ ಹಳೆಯ ಬಾವಿಗೆ ಜೋಡಿಸಿದ್ದರು. ಜೋಡಿಸಿದ ಜಾಗದಲ್ಲಿ ಅಂಟು ಇನ್ನೂ ಹೊಸದಾಗಿತ್ತು. ಸಮುದ್ರ ಹತ್ತಿರವಿದ್ದ ಆ ಕಡೆಯ ಬಾವಿಗಳೆಲ್ಲ ಉಪ್ಪಾಗುತ್ತ ಬಂದಿದ್ದವು. ಮನೆಯಲ್ಲಿ ಇಂಥ ಕೆಲಸ ಮಾಡಿಸುವವನು ದೊಡ್ಡಪ್ಪನೊಬ್ಬನೇ. ಟ್ಯಾಂಕರ್ ಬಂದಾಗಲೆಲ್ಲ ನೀರಿನ ಖರ್ಚಿಗೆ ಗೊಣಗುತ್ತಿದ್ದವನೂ ಅವನೇ.

ಆ ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಮ್ಮ ಸ್ಟೀಲಿನ ಲೋಟದಲ್ಲಿ ತೋಟದ ನೀರು ತಂದು ದೊಡ್ಡಮ್ಮನ ಮುಂದಿಟ್ಟಳು.

“ಅಕ್ಕಾ, ಒಂದು ಗುಟುಕು ಬಾಯಿಗೆ ಹಾಕಿ ನೋಡಿ. ಮಲ್ಲಿಗೆ ಹೋಗ್ತಿರೋದು ಇದರಿಂದ. ಉಪ್ಪುನೀರು.”

ದೊಡ್ಡಮ್ಮ ಲೋಟ ನೋಡಿದಳು, ಅಮ್ಮನನ್ನು ನೋಡಿದಳು.

“ನೀನು ಉಪ್ಪು ಹಾಕಿ ತಂದ ನೀರು ನಾನು ಕುಡಿಲಿಕ್ಕಾ?”

“ನಾನ್ಯಾಕೆ ಉಪ್ಪು ಹಾಕ್ಲಿ? ನಳ್ಳಿಯಿಂದ ನೀವೇ ಹಿಡ್ಕೊಂಡು ನೋಡಿ. ಪೈಪನ್ನ ಬಾವಿಗೆ ಕೊಟ್ಟಿದ್ದಾರೆ. ಭಾವ, ನೀವೇ ಹೇಳಿ.”

ದೊಡ್ಡಪ್ಪ ಮೀನಿನ ಮುಳ್ಳು ಬಿಡಿಸುತ್ತಿದ್ದ. ತಲೆಯೆತ್ತಲಿಲ್ಲ.

“ಯಾವ ಬಾವಿ? ಟ್ಯಾಂಕಿ ನೀರೇ ಬರುದು. ಎಂತ ಬದಲು ಮಾಡ್ಲಿಲ್ಲ ನಾನು.”

“ಭಾವ, ನಾನು ನೋಡ್ಕೊಂಡು ಬಂದೆ. ಹಿಂದ್ಗಡೆ...”

“ಖಲಾಸ್!” ದೊಡ್ಡಪ್ಪ ಮೇಜು ಬಡಿದ. “ಊಟ ಮಾಡ್ಲಿಕ್ಕೆ ಬಿಡ್ತೀಯಾ ಇಲ್ವಾ?”

ದೊಡ್ಡಮ್ಮ ಎದ್ದು ಲೋಟದ ನೀರನ್ನು ಸಿಂಕಿಗೆ ಸುರಿದಳು. ಅಡುಗೆಮನೆಯಿಂದ ತೋಟದ ನಳ್ಳಿಗೆ ನಾಲ್ಕು ಹೆಜ್ಜೆ. ಹೋಗಿ ಒಂದು ಹನಿ ನಾಲಿಗೆಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡರೆ ಅಮ್ಮನ ಮಾತಿಗೆ ಬೆಲೆ ಕೊಟ್ಟಂತಾಗುತ್ತಿತ್ತು. ಅದಕ್ಕಿಂತ ಮಲ್ಲಿಗೆ ಸಾಯುವುದೇ ಅವಳಿಗೆ ಸುಲಭವಾಯಿತು.

“ನಿನ್ನ ವಿಷದ ಗಿಡದ ಬೇರು ಮನೆಯ ಅಡಿಯಿಂದ ಮುಂದೆ ಬಂದಿದೆ. ಅದೇ ನನ್ನ ಮಲ್ಲಿಗೆ ತಿಂದದ್ದು. ಅದನ್ನು ಕಡಿದು ಸುಟ್ಟು ಹಾಕ್ತೇನೆ, ನೋಡ್ತಾ ಇರು.”

“ಕಡೀರಿ ಬೇಕಾದ್ರೆ,” ಅಮ್ಮ ಹೇಳಿದಳು. “ಸುಡಬೇಡಿ. ಅದರ ಹೊಗೇನೂ ವಿಷ.”

“ಹೆದರಿಸ್ತೀಯಾ?”

ಅಪ್ಪ ಇಷ್ಟು ಹೊತ್ತೂ ಅನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದ. ನಾನು ಅವನನ್ನೇ ನೋಡುತ್ತಿದ್ದೆ, ಈಗ ಏನಾದರೂ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು. ಅವನು ಸಾರು ಬಡಿಸಿಕೊಂಡ. ಇವತ್ತಿಗೂ ಊಟದ ಮೇಜಿನಲ್ಲಿ ಒಬ್ಬರು ಮಾತಾಡಿ ಉಳಿದವರು ಸುಮ್ಮನಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನನ್ನ ಗಂಡ ಇದನ್ನು ಜಗಳಗಂಟಿತನ ಎನ್ನುತ್ತಾನೆ. ಇರಬಹುದು. ನನಗೆ ಬೇರೆ ರೀತಿ ಇರಲು ಬರುವುದಿಲ್ಲ.

ಮಲ್ಲಿಗೆ ಪಾತಿ ಪೂರ್ತಿ ಒಣಗಿದ ವಾರವೇ ದೊಡ್ಡಮ್ಮ ಹೇಳಿದಂತೆ ಮಾಡಿದಳು. ಶಾಲೆಯ ವ್ಯಾನ್ ಬರುವ ಹೊತ್ತಿಗೆ ಅಮ್ಮ ರಸ್ತೆಯ ತಿರುವಿನವರೆಗೆ ನಡೆದು ಬಂದು ನನ್ನನ್ನು ಕರೆದೊಯ್ಯುತ್ತಿದ್ದಳು. ಆ ದಿನ ವ್ಯಾನ್ ಬಂದದ್ದು ಒಂದು ಗಂಟೆ ಕಳೆದು; ಅವಳು ಅತ್ತ ಹೋದದ್ದೇ ತಡ, ದೊಡ್ಡಮ್ಮ ಕತ್ತಿ ಹಿಡಿದು ಹಿಂದಕ್ಕೆ ಹೋಗಿದ್ದಾಳೆ. ನಾವು ಗೇಟಿನ ಹತ್ತಿರ ಬಂದಾಗ ಕಹಿ ಕಹಿ ಹೊಗೆ ಮೂಗಿಗೆ ಬಡಿಯಿತು. ಅಮ್ಮ ನನ್ನನ್ನು ಅಲ್ಲೇ ತಡೆದಳು.

“ಇಲ್ಲೇ ನಿಂತ್ಕೋ ಪುಟ್ಟಿ. ಒಳಗೆ ಬಂದ್ರೆ ಕಾಲು ಮುರೀತೀನಿ.”

ಸೆರಗನ್ನು ಮೂಗಿಗೆ ಸುತ್ತಿಕೊಂಡು ಓಡಿದಳು. ನಾನು ನಿಲ್ಲಲಿಲ್ಲ, ಗೋಡೆಯ ಮೂಲೆಯವರೆಗೆ ಹೋಗಿ ಇಣುಕಿದೆ. ಎಣ್ಣೆಯ ಹಳೆಯ ಡ್ರಮ್ಮಿನಲ್ಲಿ ಕಣಗಿಲೆಯ ಕೊಂಬೆಗಳು, ಹಸಿ ಎಲೆಗಳ ಸಮೇತ. ಬೆಂಕಿ ಹತ್ತಿಕೊಳ್ಳಲೆಂದು ಒಣಗಿದ ಮಲ್ಲಿಗೆಯ ಕಡ್ಡಿಗಳನ್ನೇ ಕೆಳಗಿಟ್ಟಿದ್ದಳು. ಉರಿಯುವುದಕ್ಕಿಂತ ಹೊಗೆಯೇ ಹೆಚ್ಚು. ದೊಡ್ಡಮ್ಮ ರಟ್ಟಿನ ತುಂಡಿನಿಂದ ಬಹಳ ಹೊತ್ತು ಗಾಳಿ ಹಾಕಿರಬೇಕು. ಈಗ ಡ್ರಮ್ಮಿನ ಪಕ್ಕ ಮೊಣಕಾಲೂರಿ ವಾಂತಿ ಮಾಡುತ್ತಿದ್ದಳು. ಅಮ್ಮ ಏಸಿ ನೀರಿನ ಬಕೆಟ್ಟುಗಳನ್ನು ಒಂದಾದ ಮೇಲೊಂದು ಡ್ರಮ್ಮಿಗೆ ಸುರಿದಳು. ದೊಡ್ಡಮ್ಮನ ಎರಡು ಕಂಕುಳಿಗೂ ಕೈ ಹಾಕಿ ಮುಂದಿನ ಅಂಗಳಕ್ಕೆ ಎಳೆದು ತಂದಳು. ದೊಡ್ಡಮ್ಮ ದಪ್ಪ ಹೆಂಗಸು, ಅಮ್ಮ ಕಡ್ಡಿ. ಎಳೆಯುವಾಗ ಅಮ್ಮನ ಬಾಯಿಂದ ಬೈಗುಳ ಬಿಟ್ಟು ಬೇರೇನೂ ಬರಲಿಲ್ಲ.

“ಏಳಿ ಅಕ್ಕಾ, ಏಳಿ. ಸಾಯೋದಾದ್ರೆ ಊರಿಗೆ ಹೋಗಿ ಸಾಯಿರಿ, ನನ್ನ ತಲೇಗೆ ಕಟ್ಟಬೇಡಿ. ಏಳೀ!”

ಪಕ್ಕದ ವಿಲ್ಲಾದ ಹೆಂಗಸು ತನ್ನ ಕಾರು ತಂದಳು. ಆಸ್ಪತ್ರೆಯಲ್ಲಿ ದೊಡ್ಡಮ್ಮನ ಎದೆಗೆ ವೈರುಗಳನ್ನು ಅಂಟಿಸಿದರು, ನಾಡಿ ಸರಿ ಇಲ್ಲವೆಂದು ಅಲ್ಲೇ ಉಳಿಸಿಕೊಂಡರು. ಯಾವ ಗಿಡವೆಂದು ಡಾಕ್ಟರಿಗೆ ವಿವರಿಸಿದವಳೂ ಅಮ್ಮನೇ.

ಮರುದಿನ ನಾವೆಲ್ಲ ನೋಡಲು ಹೋದೆವು. ದೊಡ್ಡಮ್ಮ ದಿಂಬಿಗೆ ಒರಗಿ ಕೂತಿದ್ದಳು, ಬಣ್ಣ ಇಳಿದ ಮುಖ. ದೇವಸ್ಥಾನದ ಪರಿಚಯದ ಹೆಂಗಸರಿಬ್ಬರು ಮಂಚದ ಪಕ್ಕ ಕುರ್ಚಿಯಲ್ಲಿದ್ದರು, ಇಬ್ಬರೂ ತುಳು ಬಲ್ಲವರೇ. ದೊಡ್ಡಪ್ಪ ಕಿಟಕಿಯ ಹತ್ತಿರ, ಅಪ್ಪ ಅವನ ಹಿಂದೆ. ಅಮ್ಮ ಗಂಜಿಯ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. ದೊಡ್ಡಮ್ಮ ಅದನ್ನು ನೋಡಿ ಆ ಹೆಂಗಸರ ಕಡೆ ತಿರುಗಿದಳು.

“ಮಾತ ಆಳೇ ಮಲ್ತಿನಿ,” ಎಂದಳು. ಎಲ್ಲಾ ಮಾಡಿದ್ದು ಇವಳೇ. ಮುಂದುವರಿದು, ತನ್ನ ಮಲ್ಲಿಗೆಯನ್ನು ಕೊಂದದ್ದೂ ಇವಳೇ, ಈಗ ತನ್ನನ್ನೂ ಕೊಲ್ಲಲು ನೋಡಿದ್ದಾಳೆ ಎಂದು ತುಳುವಿನಲ್ಲೇ ಹೇಳಿದಳು, ಅಮ್ಮ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ.

ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಯಾನ್ ಅತ್ತ್ ಅಕ್ಕಾ,” ಎಂದಳು. “ಈರೆನ ಕಂಡನಿ.”

ನಾನಲ್ಲ ಅಕ್ಕಾ. ನಿಮ್ಮ ಗಂಡ.

ಅಮ್ಮ ತುಳುವಿನಲ್ಲಿ ಒಂದು ಪದ ಆಡಿದ್ದನ್ನೂ ಅದುವರೆಗೆ ನಾವು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅಪ್ಪನೂ. ದೊಡ್ಡಮ್ಮನ ಬಾಯಿ ತೆರೆದಿತ್ತು. ಅಡುಗೆಮನೆಯಲ್ಲಿ ಇಷ್ಟು ವರ್ಷ ತಾನು ಆಡಿದ ಒಂದೊಂದು ಮಾತೂ ಎದುರಿಗೆ ಸೊಪ್ಪು ಬಿಡಿಸುತ್ತಿದ್ದವಳಿಗೆ ಅರ್ಥವಾಗುತ್ತಿತ್ತು ಎನ್ನುವುದು ಅವಳ ಮುಖದ ಮೇಲೆ ನಿಧಾನವಾಗಿ ಹರಡುವುದನ್ನು ನಾನು ಕಂಡೆ. ಅಮ್ಮ ಅದೇ ಭಾಷೆಯಲ್ಲಿ, ಅಲ್ಲಲ್ಲಿ ತಪ್ಪುತ್ತ, ಪೈಪು ಎಲ್ಲಿ ಬಿಡಿಸಿದ್ದಾರೆ, ಬಾವಿಗೆ ಎಲ್ಲಿ ಜೋಡಿಸಿದ್ದಾರೆ ಎಂದು ಹೇಳಿ ಮುಗಿಸಿದಳು. ದೊಡ್ಡಮ್ಮ ಗಂಡನನ್ನು ನೋಡಿದಳು. ದೊಡ್ಡಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಕುರ್ಚಿಯ ಹೆಂಗಸರು ಚೀಲ ಎತ್ತಿಕೊಂಡು ಎದ್ದರು.

ದೊಡ್ಡಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ದಿನ ದೊಡ್ಡಪ್ಪ ಅಪ್ಪನನ್ನು ಕರೆದು, ನಿನ್ನ ಹೆಂಡತಿ ನಾಲ್ಕು ಜನರ ಎದುರು ನನ್ನ ಮರ್ಯಾದೆ ತೆಗೆದಿದ್ದಾಳೆ, ಕಾಲಿಗೆ ಬೀಳಲಿ, ಇಲ್ಲದಿದ್ದರೆ ನಿಮ್ಮ ವೀಸಾ ಕ್ಯಾನ್ಸಲ್ ಎಂದ. ಅಪ್ಪ ಮೇಲೆ ಬಂದು ಅಮ್ಮನಿಗೆ ಅದನ್ನು ಹಾಗೇ ಒಪ್ಪಿಸಿದ. ಅಮ್ಮ ಬಟ್ಟೆ ಮಡಚುತ್ತಿದ್ದಳು. “ನಾನು ಬೀಳಲ್ಲ. ನೀವು ಬೇಕಾದ್ರೆ ಇಲ್ಲೇ ಇರಿ, ನಾನೂ ಪುಟ್ಟೀನೂ ಮೈಸೂರಿಗೆ ಹೋಗ್ತೀವಿ” ಎಂದಳು. ಅಪ್ಪ ಆ ಮಧ್ಯಾಹ್ನ ಅಂಗಡಿಗೆ ಹೋಗದೆ ನೇರವಾಗಿ ಕಫೀಲ್ ಮನೆಗೆ ಹೋದ. ಅಂಗಡಿಯ ಪರವಾನಗಿ ಯಾರ ಹೆಸರಿನಲ್ಲಿತ್ತೋ, ವೀಸಾಕ್ಕೆ ಯಾರ ಸಹಿ ಬೇಕೋ ಆ ಒಮಾನಿ ಮುದುಕ. ಅಲ್ಲಿ ಏನು ಮಾತಾಯಿತೆಂದು ಅಪ್ಪ ಎಂದೂ ಬಿಡಿಸಿ ಹೇಳಲಿಲ್ಲ. ಬೇರೆ ಕಡೆ ಕೆಲಸಕ್ಕೆ ಸೇರಲು ಮುದುಕ ಒಪ್ಪಿಗೆ ಕೊಟ್ಟ, ದೊಡ್ಡಪ್ಪನನ್ನು ಕೇಳಲೇ ಇಲ್ಲ.

ನಾವು ದಾರ್ಸೈಟ್‌ನ ಎರಡು ಕೋಣೆಯ ಫ್ಲಾಟಿಗೆ ಬಂದೆವು. ಮವಾಲೇಹ್‌ನಿಂದ ಹೊರಡುವಾಗ ಕೆಳಗಿನ ಬಾಗಿಲು ಮುಚ್ಚಿತ್ತು, ಒಳಗೆ ಟಿವಿಯ ಸದ್ದಿತ್ತು. ಯಾರೂ ಹೊರಗೆ ಬರಲಿಲ್ಲ, ನಾವೂ ತಟ್ಟಲಿಲ್ಲ. ಆಮೇಲೆ ದೇವಸ್ಥಾನದಲ್ಲಿ ಎಷ್ಟೋ ಸಲ ಎದುರಾಗಿದ್ದೇವೆ. ದೊಡ್ಡಮ್ಮ ಹಣೆಗೆ ಕುಂಕುಮ ಇಟ್ಟುಕೊಂಡು ಕಂಬದ ಆಚೆಯಿಂದ ಹೋಗುತ್ತಿದ್ದಳು. ಅವರು ಒಮಾನ್ ಬಿಟ್ಟು ಊರಿಗೆ ಹೋದದ್ದು ನಮಗೆ ಬೇರೆಯವರಿಂದ ತಿಳಿಯಿತು.

ಫ್ಲಾಟಿಗೆ ಬಂದ ಮೊದಲ ವಾರ, ಒಂದು ಸಂಜೆ. ಅಮ್ಮ ಬಾಲ್ಕನಿಯಲ್ಲಿ ನಿಂತು ಬಿಸಿಲು ಎಷ್ಟು ಹೊತ್ತಿನವರೆಗೆ ಬೀಳುತ್ತದೆ ಎಂದು ನೋಡುತ್ತಿದ್ದಳು. ಅಪ್ಪ ರಟ್ಟಿನ ಪೆಟ್ಟಿಗೆ ಬಿಚ್ಚುತ್ತ ಹೇಳಿದ:

“ಇನ್ನು ಗಿಡಗಿಡ ಎಂತ ಬೇಡ ಮಾರಾಯ್ತಿ. ಸಾಕಾಯ್ತು. ಆ ಪೈಪು ಹಾಕುವಾಗ್ಲೇ ನಾನು ಅಣ್ಣನಿಗೆ ಹೇಳಿದ್ದೆ, ಇದು ಜಗಳಕ್ಕೆ ಬರ್ತದೆ ಅಂತ.”

ಅಮ್ಮ ಬಾಲ್ಕನಿಯಿಂದ ಒಳಗೆ ಬಂದಳು.

“ಏನಂದ್ರಿ?”

ಅಪ್ಪ ಪೆಟ್ಟಿಗೆಯ ಟೇಪು ಕೀಳುವುದನ್ನು ನಿಲ್ಲಿಸಿದ.

“ನಿಮ್ಗೆ ಗೊತ್ತಿತ್ತಾ?”

“ಅಂಗಡಿಯ ಹುಡುಗ್ರನ್ನು ಕರ್ಕೊಂಡು ಬಂದು ಹಾಕಿಸಿದ್ದೇ ನಾನು. ಅಣ್ಣ ಹೇಳಿದ.”

“ಅವತ್ತು ಊಟಕ್ಕೆ ಕೂತಾಗ, ನಾನು ಲೋಟ ತಂದಿಟ್ಟಾಗ, ನಿಮ್ಗೆ ಗೊತ್ತಿತ್ತು.”

“ಗೊತ್ತಿತ್ತು.”

“ನನ್ನ ಮುಖ ನೋಡಿ ಹೇಳಿ.”

“ಗೊತ್ತಿತ್ತು ವಸುಧಾ. ವೀಸಾ ಅವನ ಕೈಯಲ್ಲಿತ್ತು. ನಾನು ಎಂತ ಮಾಡ್ಬೇಕಿತ್ತು?”

ಅಮ್ಮ ಕಿರುಚುತ್ತಾಳೆ ಎಂದು ನಾನು ಕಿವಿ ಮುಚ್ಚಿಕೊಂಡೆ. ಅವಳು ಕಿರುಚಲಿಲ್ಲ. ಅಡುಗೆಮನೆಗೆ ಹೋಗಿ ತನ್ನದೂ ನನ್ನದೂ ಎರಡೇ ತಟ್ಟೆ ಇಟ್ಟಳು. ಬಹಳ ದಿನ ಹಾಗೇ ನಡೆಯಿತು. ಅಪ್ಪ ತಾನೇ ಬಡಿಸಿಕೊಂಡು, ನಾವು ಎದ್ದ ಮೇಲೆ ಉಣ್ಣುತ್ತಿದ್ದ. ಆಮೇಲೊಂದು ಶುಕ್ರವಾರ ಬೆಳಿಗ್ಗೆ ಅಮ್ಮ ಅವನ ಕೋಣೆಯ ಬಾಗಿಲಲ್ಲಿ ನಿಂತಳು.

“ಎದ್ದೇಳಿ. ಬರ್ಕಾಗೆ ಹೋಗ್ಬೇಕು.”

“ಎಂತಕ್ಕೆ?”

“ಗಿಡಕ್ಕೆ. ಕುಂಡ ಹೊರೋದು, ಮಣ್ಣು ಕಲಸೋದು, ನೀರು ಹಾಕೋದು ಎಲ್ಲಾ ನೀವು. ನಾನು ಮುಟ್ಟಲ್ಲ.”

ಅವಳು ನಿಜವಾಗಿಯೂ ಮುಟ್ಟಲಿಲ್ಲ. ಆ ಬಾಲ್ಕನಿಯಲ್ಲಿ ಅಪ್ಪ ನೆಟ್ಟದ್ದು ಸಾಯುತ್ತಿತ್ತು, ಮತ್ತೆ ನೆಡುತ್ತಿದ್ದ. ಬಿಸಿಲಿಗೆ ಮೊದಲು ಎದ್ದು ನೀರು ಹಾಕಿ, ಎಲೆಯ ಅಡಿಯಲ್ಲಿ ಹುಳು ಹುಡುಕಿ, ಸೊಂಟ ಹಿಡಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಅಮ್ಮ ಒಳಗೆ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತು ಎಲ್ಲವನ್ನೂ ನೋಡುತ್ತಿದ್ದಳು. ಈಗ ಇಬ್ಬರಿಗೂ ವಯಸ್ಸಾಗಿದೆ, ಮಸ್ಕತ್ತಿನದೇ ಅಲ್ ಖೂದ್‌ನಲ್ಲಿ ನನ್ನ ಮತ್ತು ಗಂಡನ ಜೊತೆಯೇ ಇದ್ದಾರೆ. ಇಲ್ಲಿ ಮನೆಯ ಮುಂದೆ ಒಳ್ಳೆಯ ಜಾಗವಿದೆ. ನಾನು ಪೈಪು ಹಿಡಿಯಲು ಹೋದರೆ ಅಮ್ಮ ಬಿಡುವುದಿಲ್ಲ.

“ಅಪ್ಪ ಹಾಕ್ತಾರೆ, ನೀನು ಒಳಗೆ ಬಾ” ಎನ್ನುತ್ತಾಳೆ. ಆಮೇಲೆ ಕಿಟಕಿಯಿಂದ ಹೊರಗೆ ಕೂಗುತ್ತಾಳೆ, “ಎಲೆ ಮೇಲೆ ಹಾಕ್ಬೇಡಿ. ಬುಡಕ್ಕೆ ಹಾಕಿ.”

“ಬುಡಕ್ಕೇ ಹಾಕ್ತಾ ಇದ್ದೇನೆ,” ಎನ್ನುತ್ತಾನೆ ಅಪ್ಪ, ತಿರುಗಿ ನೋಡದೆ.

“ಇನ್ನೂ ಹಾಕಿ.”